ರಿವಾಲ್ವರ್‌ನಲ್ಲಿ ಪಳಗಿದ ಕೈಗೆ ಗ್ಲಾಕ್ 19

ಮೊದಲೇ ಹೇಳಿಬಿಡುತ್ತೇನೆ. ಗ್ಲಾಕ್ 19 ಜೆನ್ 5 (ಐದನೆಯ ತಲೆಮಾರಿನ ಮಾದರಿ) ಒಳ್ಳೆಯ ಪಿಸ್ತೂಲು. ತಗೊಂಡು ವರ್ಷದ ಮೇಲಾಯಿತು, ನನಗೆ ಹಿಡಿಸಿದೆ, ಮಾರುವ ಯೋಚನೆ ಇಲ್ಲ. ಆದರೆ ನನ್ನ ಹಾಗೆ ವರ್ಷಗಟ್ಟಲೆ ರಿವಾಲ್ವರ್ ಹೊಡೆದು ಪಳಗಿದವರು ಇದನ್ನು ಕೊಂಡರೆ, ಎಲ್ಲಾ ಗೊತ್ತು ಅನ್ನುವ ಧೈರ್ಯದಲ್ಲಿ ನೇರ ರೇಂಜ್‌ಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೋಗಬೇಡಿ. ಗುರಿ ಹಿಡಿಯುವುದು ನಿಮಗೆ ಗೊತ್ತೇ ಇದೆ. ಕೈಯಲ್ಲಿರುವ ಬಂದೂಕನ್ನು ಖಾಲಿ ಮಾಡುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು.

ನಾನು ಹುಟ್ಟಿ ಬೆಳೆದದ್ದು ವಿರಾಜಪೇಟೆ ಕಡೆ. ಈಗ ಇರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ. ಕೊಡಗಿನಲ್ಲಿ ಕೋವಿ ಮನೆಯ ವಸ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಯ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಮ್ಮ ಮನೆಯಲ್ಲಿದ್ದದ್ದು ಜೋಡಿ ನಳಿಗೆಯ ಕೋವಿ. ಯಾರ ಕೈಯಿಂದ ಬಂದರೂ ಸರಿ, ಕೋವಿ ಕೈಗೆ ಬಂದ ಕೂಡಲೇ ಮಡಚಿ ನೋಡಬೇಕು ಅಂತ ಅಪ್ಪ ಕಲಿಸಿದ್ದರು. ಮಡಚಿದರೆ ಎರಡೂ ನಳಿಗೆ ಕಣ್ಣೆದುರಿಗೆ. ತೋಟೆ ಇದೆಯೋ ಇಲ್ಲವೋ ಅನುಮಾನಕ್ಕೆ ಜಾಗವೇ ಇಲ್ಲ.

ಅಮೆರಿಕಕ್ಕೆ ಬಂದ ಮೇಲೆ ನಾನು ರಿವಾಲ್ವರ್ ಹಿಡಿದದ್ದಕ್ಕೂ ಇದೇ ಕಾರಣ ಅನಿಸುತ್ತದೆ. ಸ್ಮಿತ್ ಅಂಡ್ ವೆಸನ್ 686, ನಾಲ್ಕು ಇಂಚಿನ ನಳಿಗೆ, ಆರು ಗುಂಡು, ಗುಂಡಿನ ಅಳತೆ .357 ಮ್ಯಾಗ್ನಮ್. ಅದರಲ್ಲೇ .38 ಸ್ಪೆಷಲ್ ಕೂಡ ಹೊಡೆಯಬಹುದು, ನಾನು ಹೊಡೆದದ್ದು ಜಾಸ್ತಿ ಅದನ್ನೇ. ಹೆಬ್ಬೆರಳಲ್ಲಿ ಲ್ಯಾಚ್ ಒತ್ತಿ, ಗುಂಡು ಕೂರುವ ತಿರುಗುವ ಸಿಲಿಂಡರ್ ಪಕ್ಕಕ್ಕೆ ತಳ್ಳಿದರೆ ಆರು ತೂತೂ ಕಾಣುತ್ತವೆ. ಬೆಳಕು ಆರಪಾರ ಬಂದರೆ ಖಾಲಿ. ಅಷ್ಟೇ ಲೆಕ್ಕ.

ಹಾಗಿದ್ದ ಮೇಲೆ ಬದಲಾಯಿಸಿದ್ದು ಯಾಕೆ? ಒಂದು, ತೂಕ. 686 ಪೂರ್ತಿ ಸ್ಟೀಲು, ಖಾಲಿಯಲ್ಲೇ ಒಂದು ಕಿಲೋ ದಾಟುತ್ತದೆ. ಐವತ್ತು ದಾಟಿದ ಮಣಿಕಟ್ಟಿಗೆ ಒಂದು ಗಂಟೆ ಹೊಡೆದ ಮೇಲೆ ಅದು ಗೊತ್ತಾಗುತ್ತದೆ. ಎರಡು, ಗುಂಡಿನ ಬೆಲೆ. ಇಲ್ಲಿ .38 ಸ್ಪೆಷಲ್ ಬಾಕ್ಸ್‌ಗೆ ಕೊಡುವ ದುಡ್ಡಿಗಿಂತ 9 ಎಂಎಂ ಬಾಕ್ಸ್‌ಗೆ ಎಷ್ಟೋ ಕಡಿಮೆ. ಪ್ರತಿ ವಾರ ಹೊಡೆಯುವವರಿಗೆ ಇದು ಸಣ್ಣ ಮಾತಲ್ಲ. ಮೂರನೆಯದು ಗೆಳತಿಯ ಮಗ. ಹಾಸನದ ಹುಡುಗ, ಇಲ್ಲೇ ಸ್ಪರ್ಧೆಗಳಲ್ಲಿ ಹೊಡೆಯುತ್ತಾನೆ. "ಆಂಟಿ, ನಿಮ್ಮ ಟ್ರಿಗರ್ ಬೆರಳಿಗೆ ಗ್ಲಾಕ್ ಕೊಟ್ಟರೆ ಏನಾಗುತ್ತೆ ನೋಡಬೇಕು ನಂಗೆ" ಅಂತ ಬೆನ್ನು ಬಿದ್ದಿದ್ದ. ಅವನದ್ದನ್ನೇ ಒಂದು ಸಲ ಹೊಡೆದು ನೋಡಿದೆ. ಆಮೇಲೆ ಅಂಗಡಿಗೆ ಹೋದೆ.

ಅಂಗಡಿಯ ವಿಷಯ ಒಂದು ಹೇಳಲೇಬೇಕು. ಹೆಸರು ಬೇಡ. ಕೌಂಟರ್ ಹಿಂದಿದ್ದವರು ನನ್ನನ್ನು ನೋಡಿದ ಕೂಡಲೇ ಹೆಂಗಸರಿಗೆ ಅಂತ ಪುಟ್ಟ ಪಿಸ್ತೂಲು ತೆಗೆದಿಟ್ಟರು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಇದು ತೀರಾ ತಪ್ಪು ಸಲಹೆ, ಬಹಳ ಹೆಂಗಸರು ಇದರಿಂದಲೇ ಪಿಸ್ತೂಲು ಬಿಟ್ಟುಬಿಡುತ್ತಾರೆ. ಪಿಸ್ತೂಲು ಚಿಕ್ಕದಾದಷ್ಟೂ ಒದೆತ ಜಾಸ್ತಿ, ಹಿಡಿಯಲು ಜಾಗ ಕಡಿಮೆ. ಎಷ್ಟೋ ಪುಟ್ಟ ಪಿಸ್ತೂಲುಗಳ ಸ್ಪ್ರಿಂಗ್ ಬಲು ಗಟ್ಟಿ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆಯುವುದೇ ಕಷ್ಟ. ಚಿಕ್ಕ ಕೈಗೂ ನಡುವಿನ ಗಾತ್ರದ್ದೇ ವಾಸಿ. ಸ್ಲೈಡ್ ಎಳೆಯಲು ಬಲಕ್ಕಿಂತ ರೀತಿ ಮುಖ್ಯ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ಬಾಯಿ ಗುರಿಯ ಕಡೆಗೇ ಇರಿಸಿ, ಎಡಗೈಯಲ್ಲಿ ಸ್ಲೈಡನ್ನು ಮೇಲಿಂದ ಬಿಗಿಯಾಗಿ ಹಿಡಿಯಬೇಕು. ಆಮೇಲೆ ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಒಂದು ಕೈ ಎಳೆಯುವುದಕ್ಕಿಂತ ಎರಡೂ ಕೈ ಸೇರಿದರೆ ಸುಲಭ. ಕೈ ಬೆರಳುಗಳಲ್ಲಿ ಸಂಧಿವಾತ ಇರುವವರು ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಈಝಡ್ ಕೂಡ ನೋಡಿ. ಅದರ ಸ್ಲೈಡ್ ಹಗುರವಾಗಿ ಬರುವ ಹಾಗೆಯೇ ಮಾಡಿದ್ದಾರೆ.

ಇನ್ನು ಗ್ಲಾಕ್. ಪ್ಲಾಸ್ಟಿಕ್ ಮೈ, ಮೇಲೆ ಸ್ಟೀಲ್ ಸ್ಲೈಡ್. ಖಾಲಿ ಮ್ಯಾಗಜಿನ್ (ಗುಂಡು ತುಂಬಿ ಹಿಡಿಯೊಳಗೆ ತೂರಿಸುವ ಪೆಟ್ಟಿಗೆ) ಸೇರಿಸಿದರೂ ಮುಕ್ಕಾಲು ಕಿಲೋ ಮುಟ್ಟುವುದಿಲ್ಲ. ಮ್ಯಾಗಜಿನ್‌ಗೆ 15 ಗುಂಡು. ಹಿಡಿಯ ಹಿಂಭಾಗಕ್ಕೆ ಹಾಕಿಕೊಳ್ಳಲು ಬೇರೆ ಬೇರೆ ಅಳತೆಯ ತುಂಡುಗಳನ್ನು ಡಬ್ಬಿಯಲ್ಲೇ ಕೊಡುತ್ತಾರೆ. ನನಗೆ ಯಾವುದೂ ಬೇಕಾಗಲಿಲ್ಲ. ಹಳೆಯ ಗ್ಲಾಕ್‌ಗಳ ಹಿಡಿಯಲ್ಲಿ ಬೆರಳಿಗೆ ಅಂತ ಹಳ್ಳಗಳಿದ್ದವು, ನನ್ನ ಬೆರಳು ಎಂದೂ ಆ ಹಳ್ಳಕ್ಕೆ ಕೂರುತ್ತಿರಲಿಲ್ಲ. 2017ರಲ್ಲಿ ಬಂದ ಜೆನ್ 5ರಲ್ಲಿ ಅದನ್ನು ತೆಗೆದರು, ಒಳ್ಳೆಯದಾಯಿತು. ಜೊತೆಗೆ ಬರುವ ಪ್ಲಾಸ್ಟಿಕ್ ಸೈಟ್ (ಗುರಿ ಹಿಡಿಯಲು ಮೇಲಿರುವ ಗುರುತು) ನನಗೆ ಸೇರುವುದಿಲ್ಲ. ಈ ಬೆಲೆಗೆ ಸ್ಟೀಲಿನದ್ದು ಕೊಡಬಹುದಿತ್ತು. 686ರ ಮುಂದಿನ ಕೆಂಪು ಸೈಟ್‌ಗೆ ಒಗ್ಗಿದ ಕಣ್ಣು ಇದರ ಬಿಳಿ ಚುಕ್ಕೆಗೆ ಒಗ್ಗಲು ಸಮಯ ಹಿಡಿಯಿತು. ಹಿಡಿಯ ಓರೆಯೂ ಬೇರೆ. ರಿವಾಲ್ವರ್ ಎತ್ತಿದ ಹಾಗೆಯೇ ಎತ್ತಿದರೆ ಗ್ಲಾಕ್‌ನ ಮೂತಿ ಸ್ವಲ್ಪ ಮೇಲೆ ನೋಡುತ್ತದೆ. ಮನೆಯಲ್ಲಿ ಖಾಲಿ ಪಿಸ್ತೂಲು ಎತ್ತಿ ಎತ್ತಿ ಅಭ್ಯಾಸ ಮಾಡಿದರೆ ಸರಿಹೋಗುತ್ತದೆ.

ಈಗ ಮುಖ್ಯ ವಿಷಯ. ನಾನು ಒಬ್ಬ ಟೀಚರ್ ಹತ್ತಿರ ಕಲಿತೆ. ಪೊಲೀಸ್ ಕೆಲಸದಿಂದ ನಿವೃತ್ತರಾದ ಹೆಂಗಸು. ಅವರು ಕೆಲಸಕ್ಕೆ ಸೇರಿದಾಗ ಸೊಂಟದಲ್ಲಿ ರಿವಾಲ್ವರ್, ಬಿಡುವಾಗ ಪಿಸ್ತೂಲು. ಮೊದಲ ಕ್ಲಾಸಿನಲ್ಲಿ ಒಂದು ಗುಂಡೂ ಹೊಡೆಸಲಿಲ್ಲ. ಮೇಜಿನ ಮೇಲೆ ಡಮ್ಮಿ (ಮದ್ದಿಲ್ಲದ, ಹಾರದ) ಗುಂಡು ತುಂಬಿದ ಪಿಸ್ತೂಲು ಇಟ್ಟರು, ಖಾಲಿ ಮಾಡಿ ಅಂದರು. ಮಾಡಿದ ಮೇಲೆ ಮತ್ತೆ ತುಂಬಿ, ಮತ್ತೆ ಮಾಡಿ ಅಂದರು. ಹೊತ್ತು ಮುಗಿಯುವವರೆಗೂ ಅದೇ.

ಯಾಕೆ ಅಂತ ಕೇಳಿ. ಪಿಸ್ತೂಲಿನಲ್ಲಿ ಗುಂಡು ಎರಡು ಕಡೆ ಇರುತ್ತದೆ. ಹಿಡಿಯೊಳಗೆ ಮ್ಯಾಗಜಿನ್‌ನಲ್ಲಿ, ಮತ್ತು ನಳಿಗೆಯ ಬುಡದ ಚೇಂಬರ್‌ನಲ್ಲಿ. ಮ್ಯಾಗಜಿನ್ ತೆಗೆದು ಕೆಳಗಿಟ್ಟರೆ ಖಾಲಿ ಆದ ಹಾಗೆ ಕಾಣುತ್ತದೆ, ಹಗುರ ಕೂಡ ಆಗುತ್ತದೆ. ಚೇಂಬರ್‌ನಲ್ಲಿ ಒಂದು ಹಾಗೇ ಕೂತಿರುತ್ತದೆ. ಗ್ಲಾಕ್ ಮ್ಯಾಗಜಿನ್ ಇಲ್ಲದಿದ್ದರೂ ಆ ಒಂದನ್ನು ಹಾರಿಸುತ್ತದೆ.

ಇನ್ನೊಂದು, ಕ್ರಮ. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು. ಇದನ್ನು ತಿರುಗಾಮುರುಗಾ ಮಾಡಿದರೆ ಏನಾಗುತ್ತದೆ ನೋಡಿ. ಸ್ಲೈಡ್ ಎಳೆದಿರಿ, ಚೇಂಬರ್‌ನ ಗುಂಡು ಹೊರಗೆ ಹಾರಿತು. ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜಿನ್‌ನ ಮೇಲಿನ ಗುಂಡನ್ನು ತಳ್ಳಿಕೊಂಡು ಹೋಗಿ ಚೇಂಬರ್‌ಗೆ ಹಾಕಿತು. ಆಮೇಲೆ ಮ್ಯಾಗಜಿನ್ ತೆಗೆದಿರಿ. ಎರಡೂ ಕೆಲಸ ಮಾಡಿದ್ದೀರಿ, ಹೊರಗೆ ಬಿದ್ದ ಗುಂಡನ್ನು ಕಣ್ಣಾರೆ ನೋಡಿದ್ದೀರಿ, ಆದರೂ ಒಳಗೆ ಗುಂಡಿದೆ. ರಿವಾಲ್ವರ್‌ನಲ್ಲಿ ಇಂಥದ್ದು ಆಗಲು ಸಾಧ್ಯವೇ ಇಲ್ಲ. ಅದಕ್ಕೇ ನಮ್ಮ ಕೈಗೆ ಈ ಭಯ ಹುಟ್ಟಿನಿಂದ ಇಲ್ಲ, ಅದನ್ನು ಕಲಿಸಿಕೊಳ್ಳಬೇಕು.

ಟೀಚರ್ ಕಲಿಸಿದ ಕ್ರಮ ಇದು. ಮೂತಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರ್‌ನಿಂದ ಹೊರಗೆ. ಮ್ಯಾಗಜಿನ್ ತೆಗೆದು ಜೇಬಿಗೆ ಹಾಕು, ಮೇಜಿನ ಮೇಲೆ ಪಿಸ್ತೂಲಿನ ಪಕ್ಕದಲ್ಲಿ ಇಡಬೇಡ. ಸ್ಲೈಡ್ ಎಳೆದು ತೆರೆದಿಡು. ಕಣ್ಣಲ್ಲಿ ನೋಡು. ಆಮೇಲೆ ಕಿರುಬೆರಳು ತೂರಿಸಿ ಚೇಂಬರ್‌ನ ಬಾಯಿ ಮುಟ್ಟು. ಖಾಲಿ ಇದ್ದರೆ ಬೆರಳ ತುದಿಗೆ ಉಂಗುರದಂಥ ಅಂಚು ಸಿಗುತ್ತದೆ. ಗುಂಡಿದ್ದರೆ ಹಿತ್ತಾಳೆಯ ಚಪ್ಪಟೆ ತಳ ಸಿಗುತ್ತದೆ. ಕತ್ತಲಲ್ಲೂ ಈ ಎರಡರ ವ್ಯತ್ಯಾಸ ಬೆರಳಿಗೆ ಗೊತ್ತಾಗುವವರೆಗೂ ಮಾಡಿಸಿದರು. ಅಪ್ಪ ಕೋವಿ ಮಡಚಿ ನೋಡಿಸುತ್ತಿದ್ದ ಶಿಸ್ತೇ ಇದು, ಇಲ್ಲಿ ಹಂತ ಜಾಸ್ತಿ.

ಗ್ಲಾಕ್‌ಗೆ ಇದು ಇನ್ನೂ ಮುಖ್ಯ ಆಗಲು ಒಂದು ಕಾರಣ ಇದೆ. ಒರೆಸಲು ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು. ಒತ್ತಿ, ಸ್ಲೈಡನ್ನು ಒಂಚೂರು ಹಿಂದಕ್ಕೆ ತಂದು, ಎರಡು ಪಕ್ಕದ ಲಾಕ್ ಕೆಳಗೆಳೆದರೆ ಸ್ಲೈಡ್ ಮುಂದಕ್ಕೆ ಕಳಚಿ ಬರುತ್ತದೆ. ಒರೆಸುವಾಗ ಗುಂಡು ಹಾರಿತು ಅಂತ ಕೇಳುತ್ತೇವಲ್ಲ, ಅದರ ಹಿಂದೆ ಎಷ್ಟೋ ಸಲ ಇರುವುದು ಇದೇ, ಚೇಂಬರ್ ನೋಡದೆ ಟ್ರಿಗರ್ ಒತ್ತಿದ್ದು. ಟ್ರಿಗರ್ ಒತ್ತದೆ ಬಿಚ್ಚುವ ಹಾಗೆ ಬೇರೆ ಕಂಪನಿಗಳು ಮಾಡಿವೆ. ಗ್ಲಾಕ್ ಇಷ್ಟು ವರ್ಷವಾದರೂ ಇದನ್ನು ಬದಲಿಸಿಲ್ಲ. ಈ ಪಿಸ್ತೂಲಿನ ಮೇಲೆ ನನಗಿರುವ ದೊಡ್ಡ ತಕರಾರು ಇದೊಂದೇ. ನಾನು ಒರೆಸುವ ಕೋಣೆಗೆ ಗುಂಡು ತರುವುದೇ ಇಲ್ಲ.

ಟ್ರಿಗರ್ ಬಗ್ಗೆ. ಹ್ಯಾಮರ್ (ಗುಂಡಿಗೆ ಬಡಿಯುವ ಹಿಂದಿನ ಸುತ್ತಿಗೆ) ಎಳೆಯದೆ 686 ಹೊಡೆದರೆ ಬೆರಳು ಎಳೆಯಬೇಕಾದ ಭಾರ ಐದು ಕಿಲೋ ಆಸುಪಾಸು, ಮತ್ತು ಉದ್ದ ಎಳೆತ. ಆ ಭಾರವೇ ರಿವಾಲ್ವರ್‌ನ ಸೇಫ್ಟಿ. ಗ್ಲಾಕ್‌ನಲ್ಲಿ ಅದರ ಅರ್ಧ, ಎಳೆತವೂ ಗಿಡ್ಡ. ಹೊರಗಡೆ ಒತ್ತುವ ಸೇಫ್ಟಿ ಗುಂಡಿ ಇಲ್ಲ. ಟ್ರಿಗರ್ ನಡುವೆ ಒಂದು ಸಣ್ಣ ನಾಲಿಗೆ, ಒಳಗೆ ಇನ್ನೆರಡು ತಡೆ. ಕೆಳಗೆ ಬಿದ್ದರೆ ಹಾರುವುದಿಲ್ಲ, ಸರಿ. ಆದರೆ ಟ್ರಿಗರ್‌ಗೆ ಬೆರಳು ಹೋದರೆ, ಅಂಗಿಯ ತುದಿ ಸಿಕ್ಕಿಕೊಂಡರೆ ಆ ತಡೆಗಳು ತಡೆಯುವುದಿಲ್ಲ. ಸೊಂಟದ ಒರೆ, ಅಂದರೆ ಹೋಲ್ಸ್ಟರ್‌ಗೆ ಹಾಕುವಾಗ ನಾನು ಈಗಲೂ ತಲೆ ಬಗ್ಗಿಸಿ ನೋಡಿಯೇ ಹಾಕುವುದು. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ ಇಲ್ಲದೆ ಇದನ್ನು ಸೊಂಟಕ್ಕೆ ಸಿಕ್ಕಿಸಬೇಡಿ.

ಈ ಭಾರದ ವಿಷಯದಲ್ಲಿ ನ್ಯೂಯಾರ್ಕ್ ಪೊಲೀಸರ ಕತೆ ಸ್ವಾರಸ್ಯವಾಗಿದೆ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಎಫ್‌ಬಿಐನವರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ರಿವಾಲ್ವರ್. ಅದಾದ ಮೇಲೆ ಅಮೆರಿಕದ ಇಲಾಖೆಗಳು ಪಿಸ್ತೂಲಿನ ಕಡೆ ತಿರುಗುವುದು ಜೋರಾಯಿತು. ನ್ಯೂಯಾರ್ಕ್ 1993ರಲ್ಲಿ ತಿರುಗಿತು. ಆದರೆ ರಿವಾಲ್ವರ್ ಎಳೆದು ರೂಢಿಯಾದ ಬೆರಳಿಗೆ ಹಗುರ ಟ್ರಿಗರ್ ಕೊಟ್ಟರೆ ಅಪಾಯ ಅಂತ, ತಮ್ಮ ಗ್ಲಾಕ್‌ಗಳಿಗೆ ಗಟ್ಟಿ ಸ್ಪ್ರಿಂಗ್ ಹಾಕಿಸಿ ಎಳೆತವನ್ನು ಹೆಚ್ಚುಕಡಿಮೆ ರಿವಾಲ್ವರ್‌ನಷ್ಟೇ ಭಾರ ಮಾಡಿದರು. ಇಂಥ ಸ್ಪ್ರಿಂಗ್‌ಗೆ ಇವತ್ತಿಗೂ ನ್ಯೂಯಾರ್ಕ್ ಟ್ರಿಗರ್ ಅಂತಲೇ ಹೆಸರು. ಕಡಿಮೆ ಭಾರದ್ದೂ ಒಂದು ಇದೆ, ಅದನ್ನು ಹಾಕಿದ್ದ ಹಳೆಯ ಗ್ಲಾಕ್ ಒಂದನ್ನು ಹೊಡೆದು ನೋಡಿದೆ. ಎಳೆತ ಉದ್ದಕ್ಕೂ ಒಂದೇ ಸಮ ಇರುತ್ತದೆ, ನಮ್ಮಂಥವರಿಗೆ ಹಿತವಾಗಿಯೇ ಇದೆ. ಆದರೂ ನನಗೆ ಬೇಡ ಅನಿಸಿತು. ಇಷ್ಟು ಹಗುರ ಪಿಸ್ತೂಲಿಗೆ ಅಷ್ಟು ಭಾರದ ಟ್ರಿಗರ್ ಹಾಕಿದರೆ ಕೊನೆಯ ಗಳಿಗೆಯಲ್ಲಿ ಮೂತಿ ಅಲುಗುತ್ತದೆ. ಒಂದು ಕಿಲೋ ಸ್ಟೀಲು ಅದನ್ನು ತಡೆದುಕೊಳ್ಳುತ್ತಿತ್ತು.

ರಿವಾಲ್ವರ್ ಮಂದಿಗೆ ಇಲ್ಲಿ ಒಂದು ದೊಡ್ಡ ಲಾಭವೂ ಇದೆ. ಉದ್ದ ಎಳೆತದ ಉದ್ದಕ್ಕೂ ಮುಂದಿನ ಸೈಟ್ ಅಲುಗದಂತೆ ಹಿಡಿಯಲು ಕಲಿತವರಿಗೆ ಗ್ಲಾಕ್‌ನ ಟ್ರಿಗರ್ ಸಲೀಸು. ಹುಡುಗ ಹೇಳಿದ್ದು ನಿಜವಾಯಿತು, ಮೊದಲ ಮ್ಯಾಗಜಿನ್‌ನಲ್ಲೇ ತೂತುಗಳೆಲ್ಲ ಒತ್ತಾಗಿ ಬಿದ್ದವು. ಪ್ರತಿ ಸಲ ಹೆಬ್ಬೆರಳಲ್ಲಿ ಹ್ಯಾಮರ್ ಎಳೆದು ಹೊಡೆಯುವವರಿಗೆ ಮಾತ್ರ ಈ ಲಾಭ ಇಲ್ಲ. ಅಂಥವರು ಪಿಸ್ತೂಲು ಕೊಳ್ಳುವ ಮೊದಲು ಕೆಲವು ತಿಂಗಳು ಹ್ಯಾಮರ್ ಮುಟ್ಟದೆ ರಿವಾಲ್ವರ್ ಹೊಡೆಯಲಿ, ದುಡ್ಡೂ ಉಳಿಯುತ್ತದೆ.

ಹೆಬ್ಬೆರಳಿನ ವಿಷಯ ಬೇರೆ ಇದೆ. ರಿವಾಲ್ವರ್‌ನಲ್ಲಿ ಎಡ ಹೆಬ್ಬೆರಳನ್ನು ಮುಂದಕ್ಕೆ ಚಾಚುವಂತಿಲ್ಲ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಗಾಳಿ, ಸೀಸದ ಚೂರು ಚಿಮ್ಮುತ್ತವೆ, .357ರಲ್ಲಿ ಬೆರಳು ಸುಡುವುದಷ್ಟೇ ಅಲ್ಲ, ಸೀಳುತ್ತದೆ. ಹಾಗಾಗಿ ನಾವು ಎಡ ಹೆಬ್ಬೆರಳನ್ನು ಬಲದ ಮೇಲೆ ಮಡಚುತ್ತೇವೆ, ಕೆಲವರು ಹಿಂದೆ ಅಡ್ಡ ಹಾಕುತ್ತಾರೆ. ಪಿಸ್ತೂಲಿನಲ್ಲಿ ಹಿಂದೆ ಅಡ್ಡ ಹಾಕಿದಿರೋ, ಹಿಂದಕ್ಕೆ ಬರುವ ಸ್ಲೈಡ್ ಚರ್ಮ ಕೊಯ್ಯುತ್ತದೆ. ಇಲ್ಲಿ ಎರಡೂ ಹೆಬ್ಬೆರಳು ಎಡಪಕ್ಕದಲ್ಲಿ ಮುಂದಕ್ಕೆ ಚಾಚಿರಬೇಕು. ಎರಡೂ ಬಂದೂಕು ಇಟ್ಟುಕೊಂಡವರು ಇದನ್ನು ಬಹಳ ಜೋಪಾನವಾಗಿ ಕಲಿಯಬೇಕು. ನಾನು ಒಂದೇ ದಿನ ಎರಡನ್ನೂ ರೇಂಜ್‌ಗೆ ಒಯ್ಯುವುದಿಲ್ಲ.

ಹಾಗೆ ಮುಂದಕ್ಕೆ ಚಾಚಿದ ಹೆಬ್ಬೆರಳು ಗ್ಲಾಕ್‌ನ ಸ್ಲೈಡ್ ಸ್ಟಾಪ್ (ಸ್ಲೈಡನ್ನು ತೆರೆದು ನಿಲ್ಲಿಸುವ ಸಣ್ಣ ಕೊಂಡಿ) ಮೇಲೆ ಕೂರುತ್ತದೆ. ಆಗ ಕೊನೆಯ ಗುಂಡು ಹಾರಿದ ಮೇಲೆ ಸ್ಲೈಡ್ ತೆರೆದು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಪಿಸ್ತೂಲು ಕೆಟ್ಟಿದೆ ಅಂತ ಅಂಗಡಿಗೆ ಒಯ್ಯುವವರು ಎಷ್ಟೋ ಜನ. ಮೊದಲು ಹೆಬ್ಬೆರಳು ಎಲ್ಲಿದೆ ನೋಡಿಕೊಳ್ಳಿ. ಮಣಿಕಟ್ಟು ಸಡಿಲ ಬಿಟ್ಟರೂ ತೊಂದರೆ. ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಬೇಕಾದರೆ ಹಿಡಿ ಅಲುಗದೆ ನಿಲ್ಲಬೇಕು, ಇಲ್ಲದಿದ್ದರೆ ಖಾಲಿ ತೋಟೆ ಹೊರಬರುವ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ರಿವಾಲ್ವರ್‌ಗೆ ಇದರ ಪರಿವೆಯೇ ಇಲ್ಲ.

ಗುಂಡು ಹಾರದಿದ್ದರೆ ರಿವಾಲ್ವರ್‌ನಲ್ಲಿ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಮತ್ತೆ ಎಳೆದರೆ ಏನೂ ಆಗುವುದಿಲ್ಲ. ಮ್ಯಾಗಜಿನ್‌ನ ತಳಕ್ಕೆ ಒಂದೇಟು, ಸ್ಲೈಡ್ ಎಳೆದು ಬಿಡು, ಆಮೇಲೆ ಮತ್ತೆ ಗುರಿ. ಇದೆಲ್ಲ ತುರ್ತಿಗೆ. ರೇಂಜ್‌ನಲ್ಲಿ ಅಭ್ಯಾಸ ಮಾಡುವಾಗ ಮೂತಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯುವುದು ಒಳ್ಳೆಯದು, ತಡವಾಗಿ ಹಾರುವ ಗುಂಡೂ ಇರುತ್ತದೆ. ಹಾಸನದ ಹುಡುಗ ನನಗೆ ಗೊತ್ತಾಗದ ಹಾಗೆ ಮ್ಯಾಗಜಿನ್ ನಡುವೆ ಒಂದೆರಡು ಡಮ್ಮಿ ಸೇರಿಸಿ ಕೊಡುತ್ತಾನೆ. ಕೈ ಬೆದರುತ್ತಿದೆಯೋ ಇಲ್ಲವೋ ಆಗ ಚೆನ್ನಾಗಿ ಕಾಣುತ್ತದೆ.

ಪಿಸ್ತೂಲಿನಲ್ಲಿ ಖಾಲಿ ತೋಟೆ ಬಲಕ್ಕೆ, ಮೇಲಕ್ಕೆ ಹಾರುತ್ತದೆ. ಸುಡುವಷ್ಟು ಬಿಸಿ. ಕತ್ತು ಮುಚ್ಚುವ ಅಂಗಿ, ತಲೆಗೆ ಟೋಪಿ ಹಾಕಿಕೊಂಡು ಹೋಗಿ. ನಮ್ಮ ಮನೆಯವರು ಖಾಲಿ ತೋಟೆಗೆ ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಾರೆ. 686ರಿಂದ ಆರಕ್ಕೆ ಆರೂ ಅಂಗೈಗೆ ಬರುತ್ತಿದ್ದವು. ಈಗ ನೆಲದಲ್ಲಿ ಹುಡುಕಬೇಕು, ಕೆಲವು ರೇಂಜ್‌ಗಳಲ್ಲಿ ನೆಲಕ್ಕೆ ಬಿದ್ದದ್ದು ರೇಂಜ್‌ನವರದ್ದೇ. ಇದು ನಮ್ಮ ಮನೆಯವರಿಗೆ ಬೇಜಾರು.

ಗುರಿಯ ನಿಖರತೆ? ರೇಂಜ್‌ನ ದೂರಕ್ಕೆ ಎರಡೂ ಸಾಕು. ಇಪ್ಪತ್ತೈದು ಗಜಕ್ಕೆ ಹೋದರೆ 686 ನನ್ನ ಕೈಯಲ್ಲಿ ಈಗಲೂ ಮೇಲು.

ಊರಿನವರು ಕೇಳುತ್ತಾರೆ, ಇದು ಅಲ್ಲಿ ಸಿಗುತ್ತದೆಯೇ ಅಂತ. ಭಾರತದಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಲೈಸೆನ್ಸ್‌ಗೆ ಸಿಗುವುದಿಲ್ಲ. ಅಲ್ಲಿ ರಿವಾಲ್ವರ್‌ನಿಂದ ಪಿಸ್ತೂಲಿಗೆ ಬರುವವರು ಸಾಮಾನ್ಯವಾಗಿ ಕಾನ್ಪುರದ .32 ರಿವಾಲ್ವರ್ ಬಿಟ್ಟು, ಆರ್ಡ್ನೆನ್ಸ್ ಫ್ಯಾಕ್ಟರಿಯ ಅಶನಿ .32 ಪಿಸ್ತೂಲಿನ ಕಡೆ ನೋಡುತ್ತಾರೆ. ಎರಡೂ .32 ಆದರೂ ಗುಂಡು ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಮೇಲೆ ಹೇಳಿದ ಖಾಲಿ ಮಾಡುವ ಕ್ರಮ ಅಲ್ಲಿಗೂ ಅಷ್ಟೇ ಅನ್ವಯ.

ಇಲ್ಲಿರುವ ಕನ್ನಡದವರಿಗೆ ಕಾಗದಪತ್ರದ ಮಾತು. ಅಂಗಡಿಯಲ್ಲಿ ಫಾರ್ಮ್ 4473 ತುಂಬಬೇಕು, ಅದರ ಮೇಲೆ ಹಿನ್ನೆಲೆ ತಪಾಸಣೆ ಆಗುತ್ತದೆ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಎಚ್‌1ಬಿ ತರಹದ ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ ಇಲ್ಲ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದಕ್ಕೆ ಕೈ ಹಾಕಬೇಡಿ. ಟೆಕ್ಸಸ್‌ನಲ್ಲಿ ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನ ಮಕ್ಕಳ ಕೈಗೆ ಸಿಕ್ಕರೆ ಇಟ್ಟವರ ಮೇಲೆ ಕೇಸ್ ಆಗಬಹುದು. ಲಾಕರ್‌ನ ಖರ್ಚನ್ನು ಪಿಸ್ತೂಲಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ. ಕೆಲಸ ಬದಲಾಗಿ ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋಗುವವರು, ಅಲ್ಲಿ 10 ಗುಂಡಿನ ಮಿತಿ ಇರುವುದರಿಂದ, ಈ 15ರ ಮ್ಯಾಗಜಿನ್‌ಗಳನ್ನು ಸಾಮಾನಿನ ಜೊತೆ ಕಟ್ಟಬೇಡಿ. ಗ್ಲಾಕ್ 19ಕ್ಕೆ 10ರದ್ದೂ ಸಿಗುತ್ತದೆ.